ಬಳ್ಳಾರಿಯ ಚಿತ್ರಮಂದಿರದಲ್ಲಿ ಸಂಸೋನನ ಒಪೆರಾ: ನಾವು ತೋರಿಸಿದ ಬಗೆ

ರಂಗದ ಮೇಲೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕವೇ ಒಪೆರಾ. ಬೈಬಲ್ಲಿನ ಬಲಶಾಲಿ ಸಂಸೋನನನ್ನು ದೆಲೀಲ ಮರುಳು ಮಾಡಿ ಅವನ ವೈರಿಗಳಾದ ಫಿಲಿಷ್ಟಿಯರಿಗೆ ಹಿಡಿದುಕೊಡುವ ಕಥೆಯ ಒಪೆರಾವೊಂದರ ಚಿತ್ರೀಕರಣವನ್ನು ನಾವು ಕನ್ನಡ ಸಬ್‌ಟೈಟಲ್ ಹಾಕಿ ತೋರಿಸಿದೆವು. ಈ ಒಪೆರಾ ಶುರುವಾಗುವುದೇ ಕತ್ತಲಲ್ಲಿ. ಫ್ರಾನ್ಸಿನ ಕಮೀಲ್ ಸ್ಯಾನ್-ಸಾನ್ಸ್ ಸಂಗೀತ ಕೊಟ್ಟ ‘ಸ್ಯಾಮ್ಸನ್ ಎ ದಲೀಲಾ’ದಲ್ಲಿ ಪರದೆ ಏಳುವ ಮೊದಲೇ ಮೇಳದವರು ಒಳಗಿನಿಂದ ದೇವರನ್ನು ಕೂಗಿ ಹಾಡುತ್ತಾರೆ, ಅದೂ ಬಲು ಮೆಲ್ಲಗೆ. ತೆರೆ ಕಪ್ಪಗಿದ್ದು ದನಿ ಸಣ್ಣಗೆ ಕೇಳಿದರೆ ಯಾವ ಊರಿನ ಮಂದಿಯೂ ಪ್ರೊಜೆಕ್ಟರ್ ಕೆಟ್ಟಿತೆಂದೇ ತಿಳಿಯುತ್ತಾರೆ. ಅದಕ್ಕೇ ಮೊದಲ ಪದ ಕೇಳಿದ ಕ್ಷಣದಲ್ಲೇ ಮೊದಲ ಸಬ್‌ಟೈಟಲ್ ತೆರೆಗೆ ಬರಬೇಕು. ಕಪ್ಪು ತೆರೆಯ ಮೇಲೆ ಎರಡು ಸಾಲು ಕನ್ನಡ ಕಂಡರೆ ಸಭೆ ಸುಮ್ಮನಾಗುತ್ತದೆ.

ಮನೆಯಲ್ಲಿ ನೋಡುವ ಡಿವಿಡಿ ಇದಕ್ಕೆ ಆಗದು. ಸಾರ್ವಜನಿಕ ಪ್ರದರ್ಶನದ ಹಕ್ಕನ್ನು ಬರವಣಿಗೆಯಲ್ಲಿ ಪಡೆಯಬೇಕು, ಸೆನ್ಸಾರ್ ಪತ್ರದ ವಿಷಯವನ್ನೂ ಮೊದಲೇ ಬಗೆಹರಿಸಿಕೊಳ್ಳಬೇಕು. ಆಮೇಲೆ ಚಿತ್ರಮಂದಿರದವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಚಿತ್ರ ಓಡಿಸುವ ನಿಮ್ಮ ಸರ್ವರ್ ಡಿಸಿಪಿಯನ್ನು, ಅಂದರೆ ಚಿತ್ರಮಂದಿರಕ್ಕೆಂದೇ ಕಟ್ಟಿದ ಡಿಜಿಟಲ್ ಕಡತವನ್ನು, ಓಡಿಸುತ್ತದೆಯೇ? ಎರಡನೆಯದು: ಸೆಕೆಂಡಿಗೆ 25 ಫ್ರೇಮ್ ಓಡಿಸುತ್ತದೆಯೇ? ಯುರೋಪಿನ ರಂಗಮಂದಿರಗಳಲ್ಲಿ ಚಿತ್ರೀಕರಣ ಸಾಮಾನ್ಯವಾಗಿ 25ರಲ್ಲೇ ಆಗಿರುತ್ತದೆ. ಅದನ್ನು ಸಿನಿಮಾದ ಮಾಮೂಲಿ 24ಕ್ಕೆ ಎಳೆದು ನಿಧಾನಗೊಳಿಸಿ, ಶ್ರುತಿ ಸರಿಪಡಿಸದೆ ಬಿಟ್ಟರೆ ಹಾಡು ಅರ್ಧ ಸ್ವರದ ಮುಕ್ಕಾಲು ಪಾಲಿನಷ್ಟು ಕೆಳಗಿಳಿಯುತ್ತದೆ. 120 ನಿಮಿಷದ್ದು 125 ನಿಮಿಷವಾಗುತ್ತದೆ. ಹಾರ್ಮೋನಿಯಂ ಹಿಡಿದು ಕೂತವರಿಗೆ ಇದು ತಕ್ಷಣ ತಿಳಿಯುತ್ತದೆ, ಬಳ್ಳಾರಿಯಲ್ಲಿ ಅಂಥವರು ಕಡಿಮೆಯೇನಿಲ್ಲ.

ಹೆಚ್ಚು ದಿನ ಹಿಡಿದ ಕೆಲಸ ಕನ್ನಡ ಸಬ್‌ಟೈಟಲ್. ಡಿಸಿಪಿಯಲ್ಲಿ ಸಬ್‌ಟೈಟಲ್ಲನ್ನು ಪಠ್ಯವಾಗಿ, ಜೊತೆಗೊಂದು ಫಾಂಟ್ ಇಟ್ಟು ಕಳಿಸಬಹುದು. ಇಂಗ್ಲಿಷಿಗೆ ಅದು ಸಲೀಸು. ಕನ್ನಡಕ್ಕೆ ಅಲ್ಲೇ ಎಡವಟ್ಟು: ಎಷ್ಟೋ ಸರ್ವರ್‌ಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ‘ಫಿಲಿಷ್ಟಿಯರು’ ಎಂಬಲ್ಲಿ ಷಕಾರ ಒಂದು ಕಡೆ, ಟಕಾರ ಒಂದು ಕಡೆ, ಗುಡಿಸು ಇನ್ನೊಂದು ಕಡೆ ಬಿದ್ದಿತ್ತು. ‘ಶಕ್ತಿ’ಯೂ ಹಾಗೇ ಒಡೆದಿತ್ತು. ಸಂಸೋನನ ಕಥೆಯಲ್ಲಿ ಈ ಎರಡು ಪದ ಬರದ ಪುಟವೇ ಇಲ್ಲ. ಕಂಪ್ಯೂಟರಿನಲ್ಲಿ ಸರಿ ಕಂಡದ್ದು ಸರ್ವರಿನಲ್ಲಿ ಸರಿ ಇರುತ್ತದೆಂದು ನಂಬಬೇಡಿ. ಪ್ರತಿ ಸಾಲನ್ನೂ ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರವಾಗಿ ಮಾಡಿ ಸೇರಿಸುವುದೇ ದಾರಿ. ಅಚ್ಚ ಬಿಳಿ ಬೇಡ, ಕತ್ತಲ ದೃಶ್ಯದಲ್ಲಿ ಕಣ್ಣು ಚುಚ್ಚುತ್ತದೆ. ತುಸು ಬೂದು ಬೆರೆಸಿ, ಅಕ್ಷರಕ್ಕೆ ತೆಳು ಕಪ್ಪು ಅಂಚು ಕೊಡಿ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷಿಗಿಂತ ಹೆಚ್ಚಿಡಬೇಕು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಅನುವಾದದಲ್ಲೂ ಒಂದು ತೊಡಕಿದೆ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಎರಡನೇ ಅಂಕದ ದೆಲೀಲಳ ಪ್ರಸಿದ್ಧ ಹಾಡಿನಲ್ಲಿ, ಮುಂಜಾವಿಗೆ ಹೂ ಅರಳುವಂತೆ ಎದೆ ಅರಳುವ ಮಾತನ್ನು ಗಾಯಕಿ ಎಳೆದೆಳೆದು ಹಾಡುತ್ತಾಳೆ. ವಾಕ್ಯವನ್ನು ಎರಡು ತುಂಡು ಮಾಡಿದರೆ ‘ಅರಳುತ್ತದೆ’ ಬರುವ ಹೊತ್ತಿಗೆ ಹೂವು ಮರೆತಿರುತ್ತದೆ. ಏಳು ಸೆಕೆಂಡಾದರೂ ಸರಿ, ಇಡೀ ವಾಕ್ಯ ಒಂದೇ ಸಲ ತೆರೆಯ ಮೇಲಿರಲಿ. ಅದೇ ಸಾಲು ಮತ್ತೆ ಹಾಡಿದಾಗ ಸಬ್‌ಟೈಟಲ್ ಹಾಕಬಾರದು. ಆ ಹೊತ್ತು ಮುಖ ನೋಡಲಿಕ್ಕೆ.

ಹೆಸರುಗಳು ಕನ್ನಡ ಬೈಬಲ್ಲಿನವೇ ಇರಲಿ: ಸಂಸೋನ, ದೆಲೀಲ, ಫಿಲಿಷ್ಟಿಯರ ದೇವರು ದಾಗೋನ್. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು ಇದೇ ಊರಿನಲ್ಲಿದ್ದುಕೊಂಡು. ಇಲ್ಲಿಯ ಕ್ರೈಸ್ತ ಮನೆಗಳಿಗೆ ಈ ಕಥೆಯಿರುವ ನ್ಯಾಯಸ್ಥಾಪಕರ ಪುಸ್ತಕದ 16ನೇ ಅಧ್ಯಾಯ ಹೊಸದಲ್ಲ. ಆದರೆ ಅಲ್ಲಿರುವ, ಸಂಸೋನನ ಶಕ್ತಿ ಹೋಗುವಂತೆ ಅವನ ಏಳು ಜಡೆ ಬೋಳಿಸುವ ಪ್ರಸಂಗ ಒಪೆರಾದಲ್ಲಿ ಕಣ್ಣೆದುರು ನಡೆಯುವುದಿಲ್ಲ. ಅವನು ಗಾಜಾ ಪಟ್ಟಣದ ಬಾಗಿಲು ಕಿತ್ತೊಯ್ಯುವುದೂ ಇಲ್ಲ. ಒಂದು ಪುಟದ ಕರಪತ್ರದಲ್ಲಿ ಇದನ್ನು ಮೊದಲೇ ತಿಳಿಸಿ. ಮೊದಲ ಅಂಕದಲ್ಲಿ ಮೇಳ ನಿಂತಲ್ಲೇ ಹೆಚ್ಚು ಹಾಡುತ್ತದೆ ಎಂಬುದನ್ನೂ ಬರೆಯಿರಿ. ಸ್ಯಾನ್-ಸಾನ್ಸ್ ಇದನ್ನು ಮೊದಲು ಯೋಚಿಸಿದ್ದು ಅಭಿನಯವಿಲ್ಲದ ಒರಟೋರಿಯೋ ಆಗಿ. ಪವಿತ್ರ ಗ್ರಂಥದ ಕಥೆ ರಂಗಕ್ಕೆ ಬರುವುದು ಆಗ ಫ್ರಾನ್ಸಿನಲ್ಲಿ ಸುಲಭವಿರಲಿಲ್ಲ. 1877ರಲ್ಲಿ ಸಂಗೀತಗಾರ ಫ್ರಾನ್ಸ್ ಲಿಸ್ಟ್ ಬೆಂಬಲದಿಂದ ಜರ್ಮನಿಯ ವೈಮಾರ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು, ಪ್ಯಾರಿಸ್ ಒಪೆರಾಕ್ಕೆ ಬಂದದ್ದು 1892ರಲ್ಲಿ.

ಸದ್ದಿನ ಮಟ್ಟವನ್ನು ಮೊದಲ ಹಾಡು ಕೇಳಿ ಹೊಂದಿಸಿದರೆ ಕೆಟ್ಟಿತು. ಮೂರನೇ ಅಂಕದ ಬಕಾನಾಲ್ ಕುಣಿತಕ್ಕೆ ಹೋಗಿ, ತಾಳವಾದ್ಯಗಳು ಒಟ್ಟಿಗೆ ಏರುವ ಕಡೆ ಕಿವಿಗೆ ಹಿತವಾಗುವಂತೆ ಸದ್ದು ಏರಿಳಿಸುವ ಫೇಡರ್ ನಿಲ್ಲಿಸಿ, ಆಮೇಲೆ ಆರಂಭಕ್ಕೆ ಬನ್ನಿ. ಆಗ ಆರಂಭ ಕೇಳಿಸದಿದ್ದರೆ ತಪ್ಪು ಫೇಡರಿನದಲ್ಲ, ಫ್ಯಾನಿನದು. ಒಂದು ತಾಸು ಮೊದಲೇ ಹಾಲ್ ತಂಪು ಮಾಡಿ ಪ್ರದರ್ಶನದ ಹೊತ್ತಿಗೆ ಏಸಿಯ ಬ್ಲೋವರ್ ತಗ್ಗಿಸಿ. ಈ ಕಾರಣಕ್ಕೇ ಏಪ್ರಿಲ್-ಮೇ ಬಿಟ್ಟು ಡಿಸೆಂಬರ್ ಆರಿಸಿದ್ದು, ಬಳ್ಳಾರಿಯ ಬೇಸಿಗೆಯಲ್ಲಿ ಬ್ಲೋವರ್ ತಗ್ಗಿಸುವ ಮಾತೇ ಇಲ್ಲ. ತುಟಿ ಮತ್ತು ದನಿ ಕೂಡುತ್ತವೆಯೇ ಎಂದು ನಡುವಿನ ಸಾಲಿನಲ್ಲಿ ಕೂತು ನೋಡಿ. 30 ಮೀಟರ್ ಹಿಂದಿರುವವರಿಗೆ ದನಿ ಎರಡು ಫ್ರೇಮಿನಷ್ಟು ತಡವಾಗಿಯೇ ತಲುಪುತ್ತದೆ, ಅಲ್ಲಿ ಕೂತು ತಿದ್ದಿದರೆ ಮುಂದಿನವರಿಗೆ ಕೆಡುತ್ತದೆ.

ಡಿಸಿಪಿಯ ಬೀಗ ತೆಗೆಯುವ ಡಿಜಿಟಲ್ ಕೀಲಿ, ಅಂದರೆ ಕೆಡಿಎಂ, ಆಯಾ ಸರ್ವರಿಗೆ, ಆಯಾ ಸಮಯಕ್ಕೆ ಮಾತ್ರ. ಅದರ ಸಮಯವನ್ನು ಗ್ರೀನ್‌ವಿಚ್ ಲೆಕ್ಕದಲ್ಲಿ ಬರೆದಿದ್ದರೆ, ಅಲ್ಲಿ ಬೆಳಿಗ್ಗೆ 9 ಎಂದರೆ ನಮಗೆ ಮಧ್ಯಾಹ್ನ 2:30. ಹಿಂದಿನ ದಿನದ ಬೆಳಿಗ್ಗೆಯಿಂದಲೇ ತೆರೆಯುವಂತೆ ಕೇಳಿ ಪಡೆಯದಿದ್ದರೆ ಪರೀಕ್ಷೆಗೆ ಅವಕಾಶವೇ ಸಿಗದು. ಸರ್ವರಿಗೂ ಸೌಂಡ್ ಪ್ರೊಸೆಸರಿಗೂ ಯುಪಿಎಸ್ ಬೇಕೇ ಬೇಕು. ಕರೆಂಟ್ ಹೋಗಿ ಜನರೇಟರ್ ಹತ್ತುವ ಕೆಲವೇ ಸೆಕೆಂಡಿನಲ್ಲಿ ಸರ್ವರ್ ಆರಿಬಿಟ್ಟರೆ ಅದು ಮತ್ತೆ ಎದ್ದು ನಿಲ್ಲಲು ಹಲವು ನಿಮಿಷ ಬೇಕು.

ವಿರಾಮ ಒಂದೇ ಸಾಕು, ಎರಡನೇ ಅಂಕದ ನಂತರ. ಸಂಸೋನ ಸಿಕ್ಕಿಬಿದ್ದಲ್ಲಿ ನಿಲ್ಲಿಸಿದರೆ ಯಾರೂ ಮನೆಗೆ ಹೋಗುವುದಿಲ್ಲ. ಸೆರೆಯಾದ ಸಂಸೋನ ಬೀಸುವ ಕಲ್ಲು ತಿರುಗಿಸುವ ದೃಶ್ಯ ಮೆತ್ತಗೆ ಶುರುವಾಗುವುದರಿಂದ, ಎಲ್ಲರೂ ಕೂತು ಬಾಗಿಲು ಮುಚ್ಚಿದ ಮೇಲೆಯೇ ಮೂರನೇ ಅಂಕ ಓಡಿಸಿ. ಕೊನೆ ಮಾತ್ರ ಬಲು ಚುರುಕು: ಸಂಸೋನ ದೇವರನ್ನು ಬೇಡುತ್ತಾನೆ, ಕಂಬ ಉರುಳುತ್ತದೆ, ಅರೆಗಳಿಗೆಯಲ್ಲಿ ಪರದೆ. ಲೈಟಿನವರು, ಬಾಗಿಲಿನವರು ಇಬ್ಬರಿಗೂ ಮೊದಲೇ ಹೇಳಿಡಬೇಕು: ಕೊನೆಯ ನಾದ ಪೂರ್ತಿ ಅಡಗುವ ತನಕ ಸ್ವಿಚ್ಚಿಗೂ ಚಿಲಕಕ್ಕೂ ಕೈ ಹಾಕಬಾರದು.