ಸೈಕಲ್ ಮೇಲೆ ದಾಂಡೇಲಿ ಕಾಡು: ಹಳ್ಳದ ಇಳಿಜಾರಿನಲ್ಲಿ ಬೀಳದೆ ಹೋಗಿಬರುವುದು ಹೇಗೆ?

ನವೆಂಬರ್ ಬಂದರೆ ಸಾಕು, ಗೆಳೆಯರ ಫೋನು ಶುರುವಾಗುತ್ತದೆ. ದಾಂಡೇಲಿ ಕಡೆ ಸೈಕಲ್ ಮೇಲೆ ಹೋಗಬೇಕು, ಎರಡು ರಾತ್ರಿ ಕಾಡಲ್ಲೇ ಉಳೀಬೇಕು, ಯಾವ ಸೈಕಲ್ ತಗೊಳ್ಳಲಿ ಅಂತ. ಇಳಿಜಾರು ಹೇಗೆ ಇಳೀಬೇಕು ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಬೀಳೋದು ಮಾತ್ರ ಎಲ್ಲರೂ ಅಲ್ಲೇ. ಅದಕ್ಕೇ ಈ ಬರಹದಲ್ಲಿ ಹೆಚ್ಚು ಜಾಗ ಇಳಿಜಾರಿಗೆ.

ದಾರಿ ಸರಳ. ಮೊದಲ ದಿನ ಧಾರವಾಡದಿಂದ ಹಳಿಯಾಳ ಹಿಡಿದು ದಾಂಡೇಲಿ, ಸುಮಾರು 55 ಕಿ.ಮೀ. ಅಲ್ಲಿಂದ ಇನ್ನೊಂದು 12 ಕಿ.ಮೀ. ಹೋದರೆ ಕುಳಗಿ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ಇದೆ, ಟೆಂಟು, ಕಾಟೇಜು ಸಿಗುತ್ತವೆ. ಎರಡನೇ ದಿನ ಗಣೇಶಗುಡಿ ಮೇಲೆ ಜೋಯಿಡಾ ಕಡೆ, ರಾತ್ರಿ ಯಾವುದಾದರೂ ಹೋಮ್‌ಸ್ಟೇ. ಮೂರನೇ ದಿನ ಹಳಿಯಾಳಕ್ಕೆ ಬಂದು, ಹೋದ ದಾರಿ ಬಿಟ್ಟು ಅಳ್ನಾವರದ ಮೇಲೆ ಧಾರವಾಡ. ಈ ಮೂರನೇ ದಿನ ಉದ್ದ. ಕಾಲು ಸೋತರೆ ಹಳಿಯಾಳದಲ್ಲೇ ಒಂದು ಟಂಟಂ ಮಾಡಿಕೊಂಡು ಸೈಕಲ್ ಹಾಕಿಕೊಂಡು ಬನ್ನಿ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಡಾಂಬರು ಬಿಟ್ಟು ಮಣ್ಣುದಾರಿಗೆ ಇಳಿಯೋ ಮುಂಚೆ ಅನುಮತಿ ನೋಡಿಕೊಳ್ಳಿ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶ. 2015ರವರೆಗೆ ಅಣಶಿ-ದಾಂಡೇಲಿ ಅಂತಿತ್ತು. ಒಳಗಿನ ದಾರಿಗೆ ಅನುಮತಿ ಇಲ್ಲದೆ ಹೋದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಮೊಬೈಲ್ ನಕ್ಷೆಯಲ್ಲಿ ಗೆರೆ ಕಂಡಿತು ಅಂತ ನುಗ್ಗಬೇಡಿ. ವಲಯ ಅರಣ್ಯ ಅಧಿಕಾರಿ ಕಚೇರಿಯಲ್ಲಿ ಕೇಳಿ, ಅವರು ಹೂಂ ಅಂದ ಊರೂರ ನಡುವಿನ ಮಣ್ಣುದಾರಿಯಲ್ಲಿ ಮಾತ್ರ ಹೋಗಿ. ಭತ್ತ ಕೊಯ್ಲಿನ ಹೊತ್ತಿಗೆ ಹಳಿಯಾಳ, ಕಲಘಟಗಿ ಕಡೆಯ ಗದ್ದೆಗಳಿಗೆ ಆನೆ ಬರುತ್ತವೆ. ಹಾಗಾಗಿ ಬೆಳಿಗ್ಗೆ ಬಿಸಿಲು ಬಿದ್ದ ಮೇಲೆ ಹೊರಡಿ, ಸಂಜೆ ಐದಕ್ಕೆ ಚಕ್ರ ನಿಲ್ಲಿಸಿ. ಇದರಲ್ಲಿ ರಾಜಿ ಬೇಡ.

ಸೈಕಲ್ ಬಗ್ಗೆ ಎರಡೇ ಮಾತು. ಡಿಸ್ಕ್ ಬ್ರೇಕು, ಎರಡು ಇಂಚಿಗಿಂತ ಅಗಲದ ಟೈರು ಇದ್ದರೆ ಸಾಕು. ಕಡಿಮೆ ದುಡ್ಡಿಗೆ ಮುಂದೆ-ಹಿಂದೆ ಎರಡೂ ಕಡೆ ಸಸ್ಪೆನ್ಶನ್ ಕೊಡುವ ಸೈಕಲ್ ತಗೊಳ್ಳಲೇಬೇಡಿ. ಅದರ ಭಾರ ಎಳೆಯೋದರಲ್ಲೇ ಅರ್ಧ ಶಕ್ತಿ ಹೋಗುತ್ತದೆ, ಏರಿನಲ್ಲಿ ಉಯ್ಯಾಲೆ ಥರ ಕುಲುಕುತ್ತದೆ.

ಟೈರಿನ ಗಾಳಿ ಮಾತ್ರ ಸರಿಯಾಗಿ ನೋಡಿಕೊಳ್ಳಿ. ಡಾಂಬರಿಗೆ ಅಂತ ಗಟ್ಟಿಯಾಗಿ ತುಂಬಿಸಿಕೊಂಡ ಗಾಳಿಯಲ್ಲೇ ಜನ ಮಣ್ಣುದಾರಿಯಲ್ಲೂ ಓಡಿಸ್ತಾರೆ. ಕಲ್ಲಿನ ಮೇಲೆ ಚಕ್ರ ಪುಟಿಯುತ್ತದೆ, ಹಿಡಿತ ಸಿಗೋದಿಲ್ಲ. 65-70 ಕಿಲೋ ತೂಕದವರು, ಟ್ಯೂಬ್ ಟೈರಿಗೆ, ಮುಂದೆ 28ರಿಂದ 30, ಹಿಂದೆ 32ರಿಂದ 35 ಪಿಎಸ್ಐ ಇಟ್ಟುಕೊಳ್ಳಿ. ಇನ್ನೂ ಇಳಿಸಿದರೆ ಕಲ್ಲು ತಾಗಿ ಟ್ಯೂಬು ಹರಿಯುತ್ತದೆ. ಟ್ಯೂಬು ಕೊಳ್ಳುವಾಗ ಬೈಕಿಗೆ ಇರೋ ಥರದ ದಪ್ಪ ವಾಲ್ವಿನದೇ ಕೇಳಿ, ಯಾವ ಹಳ್ಳಿಯ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಪಂಕ್ಚರಿಗೆ ಸ್ಟಿಕರ್ ಥರ ಅಂಟಿಸೋ ಪ್ಯಾಚು ನನಗೆ ಬಿಸಿಲಿನಲ್ಲಿ ಎರಡು ಸಲ ಕೈಕೊಟ್ಟಿದೆ. ಅಂಟು ಹಚ್ಚಿ ಪ್ಯಾಚು ಕೂರಿಸೋ ಹಳೇ ಸೊಲ್ಯೂಶನ್ನೇ ಒಳ್ಳೇದು.

ಸಾಮಾನು ಬೆನ್ನಿಗೆ ಬೇಡ, ಕ್ಯಾರಿಯರಿಗೆ ಕಟ್ಟಿ. ಹುಕ್ಕಿನ ಇಲಾಸ್ಟಿಕ್ ಹಗ್ಗ ಕುಲುಕಿಗೆ ಬಿಚ್ಚಿಕೊಂಡು ಚಕ್ರಕ್ಕೆ ಸಿಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬು ಕೇಳಿ, ಉದ್ದಕ್ಕೆ ಸೀಳಿ ಬಿಗಿಯಿರಿ. ತಿನ್ನೋಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಅಂಟಿನುಂಡಿ. ಅಂಗಡಿಯ ಎನರ್ಜಿ ಬಾರ್ ಯಾವುದೂ ಅಂಟಿನುಂಡಿಯ ಹತ್ತಿರಕ್ಕೂ ಬರೋದಿಲ್ಲ.

ಈಗ ಇಳಿಜಾರು. ಗದಗ, ನವಲಗುಂದ ಕಡೆಯವರಿಗೆ ಎರೆಮಣ್ಣು ಗೊತ್ತು. ಹಸಿಯಾದರೆ ಚಕ್ರಕ್ಕೆ ಮೆತ್ತಿಕೊಂಡು ಸೈಕಲ್ಲನ್ನೇ ನಿಲ್ಲಿಸಿಬಿಡುತ್ತದೆ. ಈ ಕಡೆಯ ಕೆಂಪು ಗರಸು, ಅಂದರೆ ಸಣ್ಣ ಕಲ್ಲುಹರಳಿನ ಮಣ್ಣು, ಅದಕ್ಕೆ ತದ್ವಿರುದ್ಧ. ಅಂಟೋದಿಲ್ಲ, ಜಾರುತ್ತದೆ, ನೆಲದ ಮೇಲೆ ಚೆಲ್ಲಿದ ಜೋಳದ ಕಾಳಿನ ಮೇಲೆ ಕಾಲಿಟ್ಟ ಹಾಗೆ. ಮಣ್ಣುದಾರಿ ಹಳ್ಳಕ್ಕೆ ಇಳಿಯುವಲ್ಲೆಲ್ಲ ಇದೇ ಗರಸು, ಕೆಳಗೆ ಪಾಚಿ ಹಿಡಿದ ಕಲ್ಲು, ತಕ್ಷಣ ಎದುರಿಗೆ ಏರು. ನಮ್ಮ ಜೊತೆ ಬಂದಿದ್ದ ಹುಬ್ಬಳ್ಳಿಯ ಹುಡುಗನೊಬ್ಬ ಅರ್ಧ ಇಳಿದ ಮೇಲೆ ಹೆದರಿ ಮುಂದಿನ ಬ್ರೇಕು ಪೂರ್ತಿ ಹಿಡಿದ. ಮುಂದಿನ ಚಕ್ರ ತಿರುಗೋದು ನಿಂತು ಗರಸಿನ ಮೇಲೆ ಪಕ್ಕಕ್ಕೆ ಸರಿಯಿತು. ಬೆನ್ನ ಚೀಲದ ಭಾರ ಅವನನ್ನು ಹ್ಯಾಂಡಲ್ ಮೇಲಿಂದ ದಬ್ಬಿತು. ಅಂಗೈ ಚರ್ಮ ಕಿತ್ತು, ಒಳಗೆ ಕೂತಿದ್ದ ಕೆಂಪು ಹರಳುಗಳನ್ನು ಬಾಟಲಿ ನೀರು ಹಾಕಿ ಒಂದೊಂದಾಗಿ ತೆಗೆದೆವು. ಅವತ್ತಿನಿಂದ ಕೈಗವಸು ಇಲ್ಲದವರನ್ನು ನಾನು ಕರೆದುಕೊಂಡು ಹೋಗಿಲ್ಲ.

ಸರಿಯಾಗಿ ಇಳಿಯೋದು ಹೀಗೆ. ಮೇಲೇ ನಿಂತು ಪೂರ್ತಿ ಇಳಿಜಾರು ನೋಡಿ, ಎಲ್ಲಿ ಹಾಯಬೇಕು ಅಂತ ಗೆರೆ ಹಿಡಿಯಿರಿ. ಸೀಟು ನಾಲ್ಕು ಬೆರಳು ಇಳಿಸಿ. ಜನ ಸೋಮಾರಿತನ ಮಾಡೋದೇ ಇಲ್ಲಿ, ಮತ್ತೆ ಏರಿಸಬೇಕಲ್ಲ ಅಂತ. ಏರಿಸಿ, ಒಂದು ನಿಮಿಷದ ಕೆಲಸ. ಹಗುರ ಗೇರನ್ನೂ ಈಗಲೇ ಹಾಕಿಕೊಳ್ಳಿ, ಏರಿನ ನಡುವೆ ಬದಲಿಸೋಕೆ ಹೋದರೆ ಚೈನು ಕಳಚುತ್ತದೆ. ಆಮೇಲೆ ಪೆಡಲುಗಳನ್ನು ಒಂದೇ ಮಟ್ಟಕ್ಕೆ ತಂದು ಎದ್ದು ನಿಲ್ಲಿ, ಮೊಣಕಾಲು-ಮೊಣಕೈ ಸಡಿಲ, ಸೊಂಟ ಸೀಟಿನ ಹಿಂದಕ್ಕೆ. ಎರಡೂ ಬ್ರೇಕಿನ ಮೇಲೆ ಒಂದೊಂದೇ ಬೆರಳು. ಒತ್ತಿ ಹಿಡಿಯಬೇಡಿ. ಸ್ವಲ್ಪ ಒತ್ತಿ, ಬಿಡಿ, ಮತ್ತೆ ಒತ್ತಿ. ವೇಗ ಕಡಿಮೆ ಮಾಡೋದಿದ್ದರೆ ನೆಲ ಗಟ್ಟಿ ಇರುವಲ್ಲಿ ಮಾಡಿ, ಗರಸು ಸಡಿಲ ಇರುವಲ್ಲಿ ಮತ್ತು ತಿರುವಿನಲ್ಲಿ ಮುಂದಿನ ಬ್ರೇಕು ಮುಟ್ಟಲೇಬೇಡಿ. ಕಣ್ಣು ಮುಂದಿನ ಚಕ್ರದ ಮೇಲಲ್ಲ, ನಾಲ್ಕೈದು ಮಾರು ದೂರ. ಕಲ್ಲನ್ನೇ ದಿಟ್ಟಿಸಿದರೆ ಸೈಕಲ್ ಸೀದಾ ಕಲ್ಲಿಗೇ ಹೋಗುತ್ತದೆ. ನೀರು ಚಕ್ರದ ನಡುಮಟ್ಟಕ್ಕಿಂತ ಜಾಸ್ತಿ ಇದ್ದರೆ, ಅಥವಾ ತಳ ಕಾಣದಿದ್ದರೆ, ಇಳಿದು ತಳ್ಳಿಕೊಂಡು ದಾಟಿ. ದಾಟಿದ ಮೇಲೆ ಬ್ರೇಕು ಎರಡು ಸಲ ಮೆಲ್ಲಗೆ ಹಿಡಿದು ಬಿಡಿ, ಒದ್ದೆ ಡಿಸ್ಕು ಮೊದಲ ಸಲ ಸರಿಯಾಗಿ ಹಿಡಿಯೋದಿಲ್ಲ.

ಇದನ್ನು ಕಾಡಿಗೆ ಹೋಗಿ ಕಲಿಯಬೇಡಿ. ಊರ ಹೊರಗೆ ಎಲ್ಲಾದರೂ ಗರಸು ರಸ್ತೆಯ ಸಣ್ಣ ಇಳಿಜಾರು ನೋಡಿಕೊಂಡು, ಕಟ್ಟಬೇಕಾದ ಸಾಮಾನೆಲ್ಲ ಕಟ್ಟಿಕೊಂಡೇ, ಎರಡು ಭಾನುವಾರ ಹತ್ತಿ ಇಳಿಯಿರಿ. ಖಾಲಿ ಸೈಕಲ್ಲಿಗೂ ತುಂಬಿದ ಸೈಕಲ್ಲಿಗೂ ಅಜಗಜಾಂತರ.

ಉಳಿಯೋ ಜಾಗ ಮೊದಲೇ ಫೋನ್ ಮಾಡಿ ಹಿಡಿದಿಡಿ, ದಾಂಡೇಲಿ ದಾಟಿದ ಮೇಲೆ ಸಿಗ್ನಲ್ ನಂಬೋ ಹಾಗಿಲ್ಲ. ಜೋಯಿಡಾ ಕಡೆ ಕುಣಬಿ ಸಮುದಾಯದವರ ಮನೆಯಲ್ಲಿ ಊಟ ಸಿಕ್ಕರೆ ಅವರು ಬೆಳೆದ ಗೆಡ್ಡೆ-ಗೆಣಸಿನ ಪಲ್ಯ ಕೇಳಿ ಹಾಕಿಸಿಕೊಳ್ಳಿ. ತಿಂಡಿ ಚೀಲ ಸೈಕಲ್ ಮೇಲೆ ಬಿಟ್ಟರೆ ಬೆಳಿಗ್ಗೆ ಮಂಗಗಳ ಪಾಲು. ಹೊರಡೋ ಮುಂಚೆ ಕ್ಯಾರಿಯರ್ ನಟ್ಟು ಬಿಗಿ ಇದೆಯಾ ನೋಡಿ.

ಮನೆಗೆ ಬಂದ ಮೇಲೆ ಸೈಕಲ್ ಸುಮ್ನೆ ಗೋಡೆಗೆ ಒರಗಿಸಿಡಬೇಡಿ. ಟೈರು ಬಿಚ್ಚಿ, ಒಳಮೈಯಲ್ಲಿ ಹಳೇ ಹತ್ತಿ ಬಟ್ಟೆ ಸುತ್ತಲೂ ಎಳೆಯಿರಿ. ಮುಳ್ಳಿನ ತುದಿ ಉಳಿದಿದ್ದರೆ ಅಲ್ಲಿ ನೂಲು ಸಿಕ್ಕಿಕೊಳ್ಳುತ್ತದೆ. ಇಕ್ಕಳದಲ್ಲಿ ಹೊರಗಿನಿಂದ ಎಳೆದು ತೆಗೆಯಿರಿ.