ಮನೆ ಮಾರಾಟ: ಏಜೆಂಟರಿಗೆ ನಿಜವಾಗಿ ಕೊಡುವುದು ಎಷ್ಟು?

ಮನೆ ಮಾರಲು ಹೊರಟವರು ಏಜೆಂಟರಿಗೆ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಪರ್ಸೆಂಟ್?’. ಎರಡೋ ಮೂರೋ ಎಂಬ ಉತ್ತರ ಬರುತ್ತದೆ. ನೂರರಲ್ಲಿ ಮೂರು ತಾನೇ ಎಂದು ಮನಸ್ಸು ಸಮಾಧಾನ ಮಾಡಿಕೊಳ್ಳುತ್ತದೆ, ಮಾತು ಮುಂದಿನ ವಿಷಯಕ್ಕೆ ಹೊರಳುತ್ತದೆ. ನಮ್ಮ ಕುಟುಂಬದ ಮನೆ ಮಾರುವಾಗ ನಾನು ಮಾಡಿದ್ದೂ ಇದನ್ನೇ. ಕೊನೆಗೆ ಕೈಯಿಂದ ಹೋದದ್ದು ಆ ಮೂರಕ್ಕಿಂತ ಬಹಳ ಹೆಚ್ಚು. ಹೆಚ್ಚಾದದ್ದಕ್ಕೆ ಕಾರಣ ಕರಾರುಪತ್ರದಲ್ಲೇ ಇತ್ತು. ಓದಬೇಕಾದ ಹೊತ್ತಿನಲ್ಲಿ ಓದಿರಲಿಲ್ಲ, ಅಷ್ಟೆ. ಆ ಲೆಕ್ಕವನ್ನು ಸಹಿ ಹಾಕುವ ಮೊದಲೇ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹೆಜ್ಜೆ: ಶೇಕಡಾವಾರನ್ನು ನಿಮ್ಮ ಪಾಲಿಗೆ ಇಳಿಸಿ

ಮನೆಯ ಮಾರಾಟ ಬೆಲೆಯನ್ನು 100 ಎಂದು ಹಿಡಿಯೋಣ. ನಿಮ್ಮ ಮನೆಯ ಬೆಲೆ ಎಷ್ಟೇ ಇರಲಿ, ಅನುಪಾತ ಇದೇ. ಗೃಹಸಾಲದ ಬಾಕಿ 60 ಇದೆ. ಅಂದರೆ ಆ ಮನೆಯಲ್ಲಿ ನಿಜವಾಗಿ ನಿಮ್ಮದಾಗಿರುವುದು 40. ಏಜೆಂಟರು ಕೇಳಿದ್ದು ಶೇ 3. ಹಲವು ಕಡೆ ಕಮಿಷನ್ನಿನ ಮೇಲೆ ತೆರಿಗೆ ಬೇರೆ ಇರುತ್ತದೆ. ಆ ತೆರಿಗೆ ಶೇ 20 ಎಂದಾದರೆ 3 ಎಂಬುದು 3.6 ಆಗುತ್ತದೆ. ಈ 3.6 ಹೋಗುವುದು ನಿಮ್ಮ 40ರಿಂದ. ಬ್ಯಾಂಕು ತನ್ನ 60ರಲ್ಲಿ ಬಿಡಿಕಾಸನ್ನೂ ಬಿಡುವುದಿಲ್ಲ. 40ರಲ್ಲಿ 3.6 ಎಂದರೆ ಶೇ 9.

ಬಾಯಲ್ಲಿ ಮೂರು ಎಂದದ್ದು ಜೇಬಿನಲ್ಲಿ ಒಂಬತ್ತಾಗುವುದು ಹೀಗೆ. ಇದರಲ್ಲಿ ಮೋಸವೇನೂ ಇಲ್ಲ. ಕಮಿಷನ್ನನ್ನು ಪೂರ್ತಿ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ, ಆದರೆ ಅದನ್ನು ಉಳಿದ ಹಣದಿಂದ ಕೊಡುತ್ತೇವೆ. ಸಾಲ ಹೆಚ್ಚಿದ್ದಷ್ಟೂ ಪೆಟ್ಟು ಜೋರು. ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಮೇಲೆ ನಿರೀಕ್ಷಿತ ಬೆಲೆ, ಅದರ ಕೆಳಗೆ ಸಾಲದ ಬಾಕಿ, ಸಾಲವನ್ನು ಅವಧಿಗೆ ಮೊದಲೇ ತೀರಿಸುವುದಕ್ಕೆ ದಂಡವಿದ್ದರೆ ಅದು, ಕಮಿಷನ್, ಅದರ ತೆರಿಗೆ, ವಕೀಲರ ಶುಲ್ಕ, ದುರಸ್ತಿ, ಸಾಗಣೆ, ಎಲ್ಲವನ್ನೂ ಬರೆದು ಕಳೆಯಿರಿ. ಕೊನೆಯ ಸಾಲಿನಲ್ಲಿ ಉಳಿಯುವ ಸಂಖ್ಯೆಯೇ ನಿಮ್ಮದು. ಮುಂದಿನ ಪ್ರತಿ ತೀರ್ಮಾನವನ್ನೂ ಆ ಸಾಲನ್ನು ಮುಂದಿಟ್ಟುಕೊಂಡೇ ಮಾಡಬೇಕು.

ಏಜೆಂಟರನ್ನು ಕೇಳಬೇಕಾದ ಮಾತು ಇಲ್ಲಿ ಎರಡೇ: ‘ಈ ಶೇಕಡಾವಾರು ತೆರಿಗೆ ಸೇರಿಸಿಯೋ ಸೇರಿಸದೆಯೋ?’, ‘ನೀವು ಕೇಳುತ್ತಿರುವುದು ಹೇಳಿದ ಬೆಲೆಯ ಮೇಲೋ, ಕೊನೆಗೆ ಮಾರಾಟವಾದ ಬೆಲೆಯ ಮೇಲೋ?’.

ಎರಡನೆಯ ಹೆಜ್ಜೆ: ಹಣ ಯಾರಿಗೆ ಹೋಗುತ್ತದೆ ಎಂದು ತಿಳಿಯಿರಿ

ನಿಮ್ಮ ಮುಂದೆ ಕುಳಿತ ವ್ಯಕ್ತಿಗೆ ಆ ಕಮಿಷನ್ ಪೂರ್ತಿ ಸಿಗುವುದು ಅಪರೂಪ. ಅದರಲ್ಲಿ ಅವರ ಸಂಸ್ಥೆಯ ಪಾಲಿರುತ್ತದೆ. ಖರೀದಿದಾರರ ಕಡೆಯಿಂದ ಇನ್ನೊಬ್ಬ ಏಜೆಂಟ್ ಬಂದರೆ ಕೆಲವು ಕಡೆ ಅವರಿಗೂ ಅದರಲ್ಲೇ ಪಾಲು. ಯಾರ ಕಮಿಷನ್ನನ್ನು ಯಾರು ಕೊಡಬೇಕು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಎರಡೂ ಕಡೆಯ ಏಜೆಂಟರ ಹಣವನ್ನು ಮಾರಾಟಗಾರರೇ ಭರಿಸುವ ಪದ್ಧತಿ ಬಹುಕಾಲ ನಡೆದು ಬಂದಿತ್ತು. ಅದರ ಮೇಲೆ ನಡೆದ ಮೊಕದ್ದಮೆಯ ರಾಜಿಯಂತೆ 2024ರ ಆಗಸ್ಟ್ 17ರಿಂದ ನಿಯಮ ಬದಲಾಯಿತು: ಖರೀದಿದಾರರ ಏಜೆಂಟರಿಗೆ ಇಷ್ಟು ಕೊಡುತ್ತೇವೆ ಎಂದು ಮಾರಾಟಕ್ಕಿರುವ ಮನೆಗಳ ವಿವರವನ್ನು ಏಜೆಂಟರು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಪಟ್ಟಿಯಲ್ಲಿ ನಮೂದಿಸುವಂತಿಲ್ಲ, ಖರೀದಿದಾರರು ಮನೆ ನೋಡುವ ಮೊದಲೇ ತಮ್ಮ ಏಜೆಂಟರೊಂದಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ಜರ್ಮನಿಯಲ್ಲಿ 2020ರ ಡಿಸೆಂಬರ್ 23ರಿಂದ ಜಾರಿಯಲ್ಲಿರುವ ಕಾನೂನಿನ ದಾರಿ ಬೇರೆ. ಅಲ್ಲಿ ಮಾರಾಟಗಾರರು ಏಜೆಂಟರನ್ನು ನೇಮಿಸಿಕೊಂಡು, ಸ್ವಂತಕ್ಕೆ ಮನೆ ಕೊಳ್ಳುವವರ ತಲೆಗೆ ಕಮಿಷನ್ನಿನ ಅರ್ಧಕ್ಕಿಂತ ಹೆಚ್ಚು ಹೊರಿಸುವಂತಿಲ್ಲ.

ನಿಮ್ಮಲ್ಲಿ ನಿಯಮ ಏನೇ ಇರಲಿ, ಎದುರು ಪಾರ್ಟಿಯ ಏಜೆಂಟರಿಗೂ ನೀವೇ ಕೊಡಬೇಕೇ ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿ ಇರಬೇಕು. ಒಬ್ಬರೇ ಏಜೆಂಟ್ ಎರಡೂ ಕಡೆಯಿಂದ ಹಣ ಪಡೆಯುವುದಾದರೆ ಅದೂ ನಿಮಗೆ ಮೊದಲೇ ಗೊತ್ತಿರಬೇಕು. ಬೆಲೆ ಏರಲಿ ಎನ್ನುವವರ ಪರವಾಗಿಯೂ ಇಳಿಯಲಿ ಎನ್ನುವವರ ಪರವಾಗಿಯೂ ಒಬ್ಬರೇ ಚೌಕಾಸಿ ಮಾಡಲಾರರು. ಅಂಥ ಸಂದರ್ಭದಲ್ಲಿ ಕಮಿಷನ್ ಕಡಿಮೆ ಮಾಡಿ ಎಂದು ಕೇಳುವುದು ನಿಮ್ಮ ಹಕ್ಕು, ಸಂಕೋಚ ಬೇಡ.

ಮೂರನೆಯ ಹೆಜ್ಜೆ: ಕಮಿಷನ್ ಯಾವಾಗ ಸಲ್ಲುತ್ತದೆ ಎಂದು ಓದಿ

ಶೇಕಡಾವಾರಿನ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಕರಾರಿನ ಷರತ್ತುಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ. ನಾನು ಸೋತದ್ದು ಇಲ್ಲಿ. ಆರು ತಿಂಗಳ ಕರಾರು ಮುಗಿದರೂ ಮನೆ ಮಾರಾಟವಾಗಿರಲಿಲ್ಲ. ನಾವು ಇನ್ನೊಬ್ಬ ಏಜೆಂಟರ ಬಳಿ ಹೋದೆವು. ಅವರ ಮೂಲಕ ಮಾರಾಟವೂ ಆಯಿತು. ಮನೆ ಕೊಂಡ ದಂಪತಿ ಮೊದಲ ಏಜೆಂಟರ ಕಾಲದಲ್ಲೇ ಒಮ್ಮೆ ಬಂದು ಮನೆ ನೋಡಿ ಹೋಗಿದ್ದರು ಎಂಬುದು ನಮಗೆ ನೆನಪೇ ಇರಲಿಲ್ಲ. ಮೊದಲ ಏಜೆಂಟರಿಗೆ ನೆನಪಿತ್ತು, ಅವರ ನೋಂದಣಿ ಪುಸ್ತಕದಲ್ಲಿ ದಿನಾಂಕವೂ ಇತ್ತು. ಅವರು ತಂದ ಗಿರಾಕಿ ಕರಾರು ಮುಗಿದ ಬಳಿಕವೂ ನಿಗದಿತ ಅವಧಿಯೊಳಗೆ ಕೊಂಡರೆ ಪೂರ್ತಿ ಕಮಿಷನ್ ಸಲ್ಲತಕ್ಕದ್ದು ಎಂದು ಕರಾರಿನ ಹಿಂಬದಿಯಲ್ಲಿತ್ತು. ಒಂದೇ ಮನೆಗೆ ಎರಡು ಕಮಿಷನ್ ಕೊಟ್ಟೆವು.

ಇಂಥ ಷರತ್ತು ಅನ್ಯಾಯವಲ್ಲ. ಏಜೆಂಟ್ ಗಿರಾಕಿಯನ್ನು ತಂದು ತೋರಿಸಿದ ಮೇಲೆ, ಕರಾರು ಮುಗಿಯುವುದನ್ನೇ ಕಾದು ನೇರವಾಗಿ ವ್ಯವಹಾರ ಮುಗಿಸುವವರೂ ಇದ್ದಾರೆ. ಅವರಿಂದ ಏಜೆಂಟರಿಗೆ ರಕ್ಷಣೆ ಬೇಕು. ಆದರೆ ಅದಕ್ಕೆ ಮಿತಿ ಇರಬೇಕು. ಆ ಅವಧಿ ಎಷ್ಟು ತಿಂಗಳು ಎಂದು ಸಂಖ್ಯೆಯಲ್ಲಿ ಬರೆಸಿ. ಕರಾರು ಮುಗಿದ ದಿನವೇ, ಅವರು ತೋರಿಸಿದ ಗಿರಾಕಿಗಳ ಹೆಸರಿನ ಪಟ್ಟಿಯನ್ನು ಲಿಖಿತವಾಗಿ ಕೊಡಬೇಕು ಎಂದು ಸೇರಿಸಿ. ಬೇರೆ ಏಜೆಂಟರ ಮೂಲಕ ಮಾರಾಟವಾದರೆ ಈ ಷರತ್ತು ಅನ್ವಯಿಸುವುದಿಲ್ಲ ಎಂಬ ಒಂದು ವಾಕ್ಯವನ್ನೂ ಸೇರಿಸಿಬಿಡಿ. ನಮ್ಮ ಕರಾರಿನಲ್ಲಿ ಆ ಒಂದು ವಾಕ್ಯ ಇದ್ದಿದ್ದರೆ ಎರಡನೆಯ ಕಮಿಷನ್ ಉಳಿಯುತ್ತಿತ್ತು.

ಇನ್ನು ಕರಾರಿನ ಬಗೆ. ಸ್ಥೂಲವಾಗಿ ಮೂರು. ಹಲವು ಏಜೆಂಟರಿಗೆ ಒಟ್ಟಿಗೆ ಹೇಳಿ, ಯಾರು ಮಾರುತ್ತಾರೋ ಅವರಿಗೆ ಮಾತ್ರ ಕೊಡುವುದು ಒಂದು. ಇದರಲ್ಲಿ ದರ ಸಾಮಾನ್ಯವಾಗಿ ಹೆಚ್ಚು, ಯಾಕೆಂದರೆ ದುಡಿದರೂ ಹಣ ಸಿಗುವ ಖಾತರಿ ಯಾರಿಗೂ ಇಲ್ಲ. ಒಬ್ಬರನ್ನೇ ಏಜೆಂಟರನ್ನಾಗಿ ನೇಮಿಸುವುದು ಇನ್ನೊಂದು. ದರ ಕಡಿಮೆ, ನಿಮ್ಮ ಸ್ವಂತ ಪರಿಚಯದವರಿಗೆ ನೀವೇ ಮಾರಿದರೆ ಏನೂ ಕೊಡಬೇಕಿಲ್ಲ. ಮೂರನೆಯದು ಮಾರಾಟದ ಸಂಪೂರ್ಣ ಹಕ್ಕನ್ನು ಬಿಟ್ಟುಕೊಡುವುದು. ಇದರಲ್ಲಿ ನಿಮ್ಮ ಸೋದರನೇ ಬಂದು ಮನೆ ಕೊಂಡರೂ ಏಜೆಂಟರಿಗೆ ಕಮಿಷನ್ ಸಲ್ಲುತ್ತದೆ. ಎರಡನೆಯದಕ್ಕೂ ಮೂರನೆಯದಕ್ಕೂ ಕರಾರಿನಲ್ಲಿ ಇರುವ ವ್ಯತ್ಯಾಸ ಒಂದೆರಡು ಪದದ್ದು. ಹಣದಲ್ಲಿ ಪೂರ್ತಿ ಕಮಿಷನ್ನಿನದು. ಮೂರನೆಯ ಬಗೆಗೆ ಸಹಿ ಹಾಕುವುದೇ ಆದರೆ, ಈಗಾಗಲೇ ಆಸಕ್ತಿ ತೋರಿಸಿರುವ ನೆಂಟರಿಷ್ಟರ, ನೆರೆಹೊರೆಯವರ ಹೆಸರುಗಳನ್ನು ಹೊರತುಪಡಿಸಿ ಎಂದು ಬರೆಸಿಕೊಳ್ಳಿ.

‘ಕೊಳ್ಳಲು ಸಿದ್ಧರಿರುವ, ಶಕ್ತರಿರುವ ಖರೀದಿದಾರರನ್ನು ತಂದ ಕೂಡಲೇ ಕಮಿಷನ್ ಸಲ್ಲುತ್ತದೆ’ ಎಂಬ ಅರ್ಥದ ಸಾಲೂ ಕೆಲವು ಕರಾರುಗಳಲ್ಲಿ ಇರುತ್ತದೆ. ಇದನ್ನು ಎರಡು ಬಾರಿ ಓದಿ. ಮನೆ ಮಾರುವ ಮನಸ್ಸು ಬದಲಾಗಿ ನೀವು ಹಿಂದೆ ಸರಿದರೂ ಹಣ ಕೊಡಬೇಕು ಎಂದೇ ಇದರ ತಾತ್ಪರ್ಯ. ಮಾರಾಟ ಪೂರ್ಣಗೊಂಡು ಹಣ ಕೈಸೇರಿದ ಮೇಲೆ ಮಾತ್ರ ಕಮಿಷನ್ ಎಂದು ಬದಲಿಸಿಕೊಳ್ಳಿ.

ನಾಲ್ಕನೆಯ ಹೆಜ್ಜೆ: ಕಮಿಷನ್ನಿನ ಹೊರಗಿರುವ ಖರ್ಚು

ಫೋಟೊ, ವಿಡಿಯೊ, ಜಾಹೀರಾತು, ಮನೆಗೆ ತಾತ್ಕಾಲಿಕ ಪೀಠೋಪಕರಣ, ದಾಖಲೆ ಶುಲ್ಕ, ‘ಆಡಳಿತ ವೆಚ್ಚ’. ಇವುಗಳಲ್ಲಿ ಯಾವುದು ಕಮಿಷನ್ನಿನ ಒಳಗೆ, ಯಾವುದು ಹೊರಗೆ ಎಂದು ಒಂದೊಂದಾಗಿ ಕೇಳಿ. ಮನೆ ಮಾರಾಟವಾಗದಿದ್ದರೂ ಕೊಡಬೇಕಾದವು ಯಾವುವು ಎಂದು ಪ್ರತ್ಯೇಕವಾಗಿ ಗುರುತು ಮಾಡಿಕೊಳ್ಳಿ. ಆಡಳಿತ ವೆಚ್ಚ ಎಂದರೇನು ಎಂದು ಅವರು ವಿವರಿಸಲಾಗದಿದ್ದರೆ ಅದನ್ನು ಹೊಡೆದು ಹಾಕಲು ಹೇಳಿ. ಕರಾರನ್ನು ಅರ್ಧದಲ್ಲೇ ಬಿಟ್ಟರೆ ತೆರಬೇಕಾದ ಶುಲ್ಕವೂ ಈ ಪಟ್ಟಿಗೆ ಸೇರಬೇಕು.

ಕಮಿಷನ್ನಿನ ಬದಲು ಒಂದು ನಿಗದಿತ ಮೊತ್ತ ಪಡೆಯುವ ಸಂಸ್ಥೆಗಳೂ ಇವೆ. ಅಗ್ಗವಾಗಿ ಕಾಣುತ್ತದೆ, ಬೆಲೆಬಾಳುವ ಮನೆಗೆ ನಿಜಕ್ಕೂ ಅಗ್ಗವೇ ಇರಬಹುದು. ಆದರೆ ಆ ಮೊತ್ತವನ್ನು ಮೊದಲೇ ಪಾವತಿಸಿಬಿಟ್ಟರೆ, ಮನೆ ಮಾರಾಟವಾಗುವವರೆಗೆ ನಿಮ್ಮ ಜೊತೆ ನಿಲ್ಲಲು ಅವರಿಗೆ ಕಾರಣ ಉಳಿಯುವುದಿಲ್ಲ. ಅರ್ಧ ಈಗ, ಉಳಿದರ್ಧ ಮಾರಾಟದ ನಂತರ ಎಂಬ ಏರ್ಪಾಟಿಗೆ ಒಪ್ಪಿದರೆ ಮಾತ್ರ ನಾನು ಆ ದಾರಿ ಹಿಡಿಯುತ್ತೇನೆ.

ಐದನೆಯ ಹೆಜ್ಜೆ: ಏಜೆಂಟರ ಲಾಭದ ಲೆಕ್ಕವನ್ನೂ ಹಾಕಿ ನೋಡಿ

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು. ಯಾರೋ 100ಕ್ಕೆ ಕೇಳಿದ್ದಾರೆ. ಇನ್ನು ಮೂರು ವಾರ ಕಾದರೆ 102 ಸಿಗಬಹುದು ಎಂದಿಟ್ಟುಕೊಳ್ಳಿ. ಶೇ 3 ಕಮಿಷನ್ ಕಳೆದರೆ ಕಾಯುವುದರಿಂದ ನಿಮಗೆ ಸಿಗುವುದು 1.94. ಏಜೆಂಟರಿಗೆ ಹೆಚ್ಚಾಗಿ ಸಿಗುವುದು 0.06, ಅರ್ಧ ಸಂಸ್ಥೆಗೆ ಹೋದರೆ 0.03. ಅಷ್ಟಕ್ಕಾಗಿ ಮೂರು ವಾರ ಇನ್ನಷ್ಟು ಜನರಿಗೆ ಮನೆ ತೋರಿಸಬೇಕು, ಕೈಗೆ ಬಂದ ಗಿರಾಕಿ ತಪ್ಪಿಹೋಗುವ ಭಯವನ್ನೂ ಹೊರಬೇಕು. ‘ಬಂದದ್ದಕ್ಕೆ ಕೊಟ್ಟುಬಿಡಿ, ಮಾರುಕಟ್ಟೆ ಚೆನ್ನಾಗಿಲ್ಲ’ ಎಂಬ ಸಲಹೆ ಬರುವುದು ಸಹಜ. ಸಲಹೆ ಸರಿಯೂ ಇರಬಹುದು. ಅದು ಸರಿಯೇ ಎಂದು ಅಳೆಯುವ ಕೆಲಸ ಮಾತ್ರ ನಿಮ್ಮದು.

ಇದು ಬರೀ ಅನುಮಾನವಲ್ಲ. ಅರ್ಥಶಾಸ್ತ್ರಜ್ಞರಾದ ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಷಿಕಾಗೊ ಸುತ್ತಮುತ್ತಲಿನ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಏನು ಮಾಡುತ್ತಾರೆ ಎಂದು ಹೋಲಿಸಿ ನೋಡಿದರು. ಮನೆಯ ಗುಣಲಕ್ಷಣಗಳನ್ನೆಲ್ಲ ಸರಿದೂಗಿಸಿದ ಮೇಲೂ, ಏಜೆಂಟರ ಸ್ವಂತ ಮನೆಗಳು ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ಉಳಿದು, ಸುಮಾರು ಶೇ 3.7ರಷ್ಟು ಹೆಚ್ಚು ಬೆಲೆಗೆ ಹೋಗಿದ್ದವು. ಕಾಯುವುದರ ಲಾಭ ಪೂರ್ತಿ ತಮಗೇ ಬರುವಾಗ ಅವರೂ ಕಾಯುತ್ತಾರೆ.

ಹಾಗಾದರೆ ಕಾಯುವುದರಲ್ಲಿ ಏಜೆಂಟರಿಗೂ ಲಾಭ ಇರುವಂತೆ ಕಮಿಷನ್ನನ್ನು ಕಟ್ಟಬಹುದೇ? ಕಟ್ಟಬಹುದು. 95ರವರೆಗೆ ಶೇ 1.5, ಅದರ ಮೇಲಿನದಕ್ಕೆ ಶೇ 15 ಎನ್ನಿ. 100ಕ್ಕೆ ಮಾರಿದರೆ ಏಜೆಂಟರಿಗೆ 2.175, 102ಕ್ಕೆ ಮಾರಿದರೆ 2.475. ಹೆಚ್ಚುವರಿ 0.3, ಅಂದರೆ ಮೊದಲಿನ ಐದು ಪಟ್ಟು. ನಿಮ್ಮ ಖರ್ಚೂ ಶೇ 3ಕ್ಕಿಂತ ಕಡಿಮೆಯೇ. ಎಚ್ಚರ ಇರಬೇಕಾದದ್ದು ಆ 95ರ ಗೆರೆಯ ಬಗ್ಗೆ. ಅದನ್ನು 90ಕ್ಕೆ ಇಳಿಸಿದರೆ, 100ಕ್ಕೆ ಮಾರಿದಾಗಲೇ ಕಮಿಷನ್ 2.85 ಆಗಿಬಿಡುತ್ತದೆ. ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಏಜೆಂಟರ ಮಾತಿನ ಮೇಲೆ ಬಿಡದೆ, ಸ್ವತಂತ್ರ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ನಿರ್ಧರಿಸಿ. ಮೌಲ್ಯಮಾಪಕರ ಶುಲ್ಕ ಈ ಇಡೀ ವ್ಯವಹಾರದಲ್ಲಿ ನಾನು ಕಣ್ಣುಮುಚ್ಚಿ ಕೊಡುವ ಒಂದೇ ಖರ್ಚು.

ಆರನೆಯ ಹೆಜ್ಜೆ: ಅಗ್ಗದವರೋ, ದುಬಾರಿಯವರೋ?

ಕನಿಷ್ಠ ಮೂವರನ್ನು ಕರೆದು ಮಾತನಾಡಿ. ಒಬ್ಬರು ಶೇ 1.5 ಕೇಳುತ್ತಾರೆ, ಅವರಿಂದ 96 ಬರಬಹುದು, ಕೈಗೆ 94.56. ಇನ್ನೊಬ್ಬರು ಶೇ 3 ಕೇಳುತ್ತಾರೆ. ಅವರು ಮನೆಯನ್ನು ಸುಮಾರು 97.5ಕ್ಕೆ ಮಾರಿದರೆ ಇಬ್ಬರೂ ಸಮ. ಅಂದರೆ ಕೇಳಬೇಕಾದ ಪ್ರಶ್ನೆ ಇದು: ಎರಡು ಪಟ್ಟು ಕಮಿಷನ್ ಕೇಳುವವರು ಶೇ 1.5ರಷ್ಟು ಹೆಚ್ಚು ಬೆಲೆ ತರುತ್ತಾರೆ ಎಂಬುದಕ್ಕೆ ಪುರಾವೆ ಏನು? ಬಾಯಿಮಾತಿನ ಅಂದಾಜು ಪುರಾವೆಯಲ್ಲ. ಕೆಲಸ ಗಿಟ್ಟಿಸಿಕೊಳ್ಳಲು ಮೊದಲು ಆಸೆ ಹುಟ್ಟಿಸುವ ಬೆಲೆ ಹೇಳಿ, ಸಹಿ ಬಿದ್ದ ಮೇಲೆ ವಾರವಾರವೂ ಇಳಿಸುವವರಿದ್ದಾರೆ. ಹಿಂದಿನ ಒಂದು ವರ್ಷದಲ್ಲಿ ನಿಮ್ಮ ಮನೆಯಂಥವೇ ಎಷ್ಟು ಮನೆ ಮಾರಿದ್ದಾರೆ, ಮೊದಲು ಹೇಳಿದ ಬೆಲೆ ಎಷ್ಟಿತ್ತು, ಕೊನೆಗೆ ಹೋದದ್ದು ಎಷ್ಟಕ್ಕೆ, ಎಷ್ಟು ದಿನ ಹಿಡಿಯಿತು ಎಂಬ ವಿವರ ಕೇಳಿ. ಒಳ್ಳೆಯ ಏಜೆಂಟ್ ಈ ಪಟ್ಟಿಯನ್ನು ಸಂತೋಷದಿಂದ ಕೊಡುತ್ತಾರೆ. ಕೊಡಲು ಹಿಂಜರಿಯುವವರ ಜೊತೆ ಚೌಕಾಸಿಯನ್ನೇ ಮಾಡಬೇಡಿ.

ಏಜೆಂಟರೇ ಬೇಡ, ನಾವೇ ಮಾರುತ್ತೇವೆ ಎನ್ನುವವರೂ ಇದೇ ಹಾಳೆಯಲ್ಲಿ ಲೆಕ್ಕ ಹಾಕಬೇಕು. ಗಿರಾಕಿ ಮೊದಲೇ ಸಿದ್ಧರಿದ್ದರೆ ವಕೀಲರೊಬ್ಬರು ಸಾಕು. ಸಿದ್ಧರಿಲ್ಲದಿದ್ದರೆ ಜಾಹೀರಾತು, ರಜೆ ಹಾಕಿ ಮನೆ ತೋರಿಸುವ ದಿನಗಳು, ಹಣ ಇಲ್ಲದೆಯೂ ನೋಡಲು ಬರುವವರನ್ನು ಸೋಸುವ ಶ್ರಮ, ಎಲ್ಲಕ್ಕೂ ಬೆಲೆ ಇದೆ. ಖರೀದಿದಾರರು ‘ನಿಮಗೆ ಕಮಿಷನ್ ಉಳಿಯಿತಲ್ಲ, ಅಷ್ಟು ಇಳಿಸಿ’ ಎಂದು ಕೇಳಿಯೇ ಕೇಳುತ್ತಾರೆ ಎಂಬುದನ್ನೂ ಸೇರಿಸಿಕೊಳ್ಳಿ.

ಕೊನೆಯ ಹೆಜ್ಜೆ: ಪಾವತಿಯ ದಿನ

ಕರಾರಿನ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಬಿಲ್ಲಿನಲ್ಲಿರುವ ಪ್ರತಿ ಸಾಲೂ ಕರಾರಿನಲ್ಲಿ ಇದೆಯೇ ಎಂದು ಹೋಲಿಸಿ, ಇಲ್ಲದ್ದನ್ನು ಕೊಡಬೇಡಿ. ಹಣವನ್ನು ಬ್ಯಾಂಕಿನ ಮೂಲಕವೇ, ಕರಾರಿನಲ್ಲಿರುವ ಸಂಸ್ಥೆಯ ಹೆಸರಿಗೇ ಪಾವತಿಸಿ. ತೆರಿಗೆಯನ್ನು ಪ್ರತ್ಯೇಕವಾಗಿ ತೋರಿಸಿದ ರಸೀದಿ ಪಡೆಯಿರಿ. ಮನೆ ಮಾರಿದ ಲಾಭದ ಮೇಲೆ ತೆರಿಗೆ ವಿಧಿಸುವ ಅನೇಕ ದೇಶಗಳಲ್ಲಿ ಏಜೆಂಟರ ಕಮಿಷನ್ನನ್ನು ಮಾರಾಟದ ವೆಚ್ಚವೆಂದು ಲಾಭದಿಂದ ಕಳೆಯಲು ಅವಕಾಶವಿದೆ. ರಸೀದಿ ಇಲ್ಲದವರಿಗೆ ಆ ಅವಕಾಶ ಸಿಗುವುದು ಕಷ್ಟ. ಲೆಕ್ಕ ಪರಿಶೋಧಕರ ಕೈಗೆ ಕ್ರಯಪತ್ರದ ಜೊತೆಯಲ್ಲೇ ಅದನ್ನೂ ಕೊಡಿ.