ಘಾಟಿ ಬಸ್ಸಿನ ಭಯ ಬಿಡಿಸುವ ಮೆಟ್ಟಿಲುಗಳು

2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ, ಮದೆನಾಡು ಕಡೆ ಗುಡ್ಡದ ಬರೆ ಜರಿದದ್ದನ್ನು ಕಂಡ ಮೇಲೆ ಮಡಿಕೇರಿ–ಸಂಪಾಜೆ ಘಾಟಿಯೆಂದರೆ ಎದೆ ಹೊಡೆದುಕೊಳ್ಳುವವರಿಗೆ ಅರಿವಿನ ವರ್ತನಾ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ಒಂದು ಗಟ್ಟಿ ದಾರಿಯಿದೆ: ಎಕ್ಸ್‌ಪೋಷರ್. ಭಯಪಡುವುದನ್ನು ಮೆಟ್ಟಿಲು ಮೆಟ್ಟಿಲಾಗಿ, ಬೇಕೆಂದೇ ಎದುರಿಸುವುದು.

ಕಕ್ಕಡದ, ಅಂದರೆ ಜುಲೈ–ಆಗಸ್ಟ್‌ನ, ಮಳೆಯಲ್ಲಿ ಶುರುಮಾಡಬೇಡಿ. ರೆಡ್ ಅಲರ್ಟ್ ಇರುವಾಗ ಘಾಟಿ ಇಳಿಯದಿರುವುದು ಶುದ್ಧ ವಿವೇಕ, ಅದಕ್ಕೆ ಚಿಕಿತ್ಸೆ ಬೇಡ. ಜನವರಿಯ ಒಣ ರಸ್ತೆಯಲ್ಲೂ ಸುಳ್ಯದ ಮದುವೆ ತಪ್ಪಿಸುತ್ತೀರಾದರೆ ಇದು ನಿಮಗೆ. ಕಾಫಿ ಕುಯ್ಲಿನ ಗಡಿಬಿಡಿಯಿದ್ದರೂ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲವೇ ವಾಸಿ.

ಭಯವನ್ನು 0ಯಿಂದ 100ರವರೆಗೆ ಅಳೆಯಿರಿ. ಮನೋವೈದ್ಯ ಜೋಸೆಫ್ ವೋಲ್ಪೆ ಬಳಕೆಗೆ ತಂದ ಅಳತೆ ಇದು. ಮಾದರಿಗೆ ಒಂದು ಏಣಿ: ಬಸ್ ನಿಲ್ದಾಣದಲ್ಲಿ ಕಾಲು ಗಂಟೆ ನಿಂತು ಮಂಗಳೂರು ಬಸ್ ನೋಡುವುದು 25, ಜೊತೆಗೊಬ್ಬರನ್ನು ಕರೆದುಕೊಂಡು ಮದೆನಾಡಿಗೆ ಹೋಗಿಬರುವುದು 40, ಅದೇ ದಾರಿ ಒಬ್ಬರೇ 50, ಜೊತೆಯವರೊಡನೆ ಜೋಡುಪಾಲ 60, ಒಬ್ಬರೇ ಸಂಪಾಜೆ 75, ಕಿಟಕಿ ಪಕ್ಕ ಕೂತು, ಕಣಿವೆ ನೋಡುತ್ತಾ, ತುಂತುರು ಮಳೆಯಲ್ಲಿ 90. ಅಂಕಿಗಳು ನಿಮ್ಮವೇ ಆಗಿರಲಿ. ಎರಡು ಮೆಟ್ಟಿಲ ನಡುವೆ 15ಕ್ಕಿಂತ ಹೆಚ್ಚು ಅಂತರವಿದ್ದರೆ ಮಧ್ಯೆ ಇನ್ನೊಂದು ಸೇರಿಸಿ.

ಹೊರಡುವ ಮುಂಚೆ ಚೀಟಿಯಲ್ಲಿ ಊಹೆ ಬರೆಯಿರಿ. 'ಏನೋ ಆಗುತ್ತೆ' ಎಂದು ಬರೆದರೆ ಪ್ರಯೋಜನವಿಲ್ಲ, ಅದನ್ನು ಪರೀಕ್ಷಿಸಲಾಗದು. 'ಮದೆನಾಡು ದಾಟುವಷ್ಟರಲ್ಲಿ ಎಚ್ಚರ ತಪ್ಪಿ ಬೀಳುತ್ತೇನೆ, ನಂಬಿಕೆ 80' ಎಂದಿರಲಿ. ವಾಪಸ್ ಬಂದ ಕೂಡಲೇ ನಿಜಕ್ಕೂ ಏನಾಯಿತು, ಈಗ ನಂಬಿಕೆ ಎಷ್ಟು ಎಂದು ಪಕ್ಕದಲ್ಲೇ ಬರೆಯಿರಿ. ಭಯ ಇಳಿಯದಿದ್ದರೂ ಊಹೆ ಸುಳ್ಳಾದರೆ ಆ ಪ್ರಯಾಣ ಸಾರ್ಥಕ. ವಾರಕ್ಕೆ ಮೂರು ಸಲವಾದರೂ ಹೋಗಿ. ತಿಂಗಳಿಗೊಮ್ಮೆ ಹೋದರೆ ಪ್ರತಿ ಸಲವೂ ಮೊದಲ ಸಲದಂತೆಯೇ.

ಅಂದಹಾಗೆ, ಭಯದಲ್ಲಿ ಸಾಮಾನ್ಯವಾಗಿ ರಕ್ತದೊತ್ತಡ ಏರುತ್ತದೆ, ಎಚ್ಚರ ತಪ್ಪಬೇಕಾದರೆ ಅದು ಇಳಿಯಬೇಕು. ತಲೆ ತಿರುಗಿದಂತಾಗುವುದು ಬಹುತೇಕ ಏದುಸಿರಿನಿಂದ: ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ, ಬೆರಳು ಜುಮ್ಮೆನ್ನುತ್ತದೆ. ತಿರುವಿನಲ್ಲಿ ಬರುವ ವಾಂತಿ ಬೇರೆ ಲೆಕ್ಕ. ಅದಕ್ಕೆ ಮುಂದಿನ ಸೀಟು, ಹಗುರ ತಿಂಡಿ ಸಾಕು. ಅದನ್ನೂ ಭಯದ ಖಾತೆಗೆ ಬರೆಯಬೇಡಿ.

ಕೆಲಸ ಕೆಡುವುದು ಹೆಚ್ಚಾಗಿ 'ಕಾಪಾಡುವ' ಅಭ್ಯಾಸಗಳಿಂದ. ಕಣ್ಣು ಮುಚ್ಚುವುದು, ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿಯುವುದು, ದಾರಿಯುದ್ದಕ್ಕೂ ಮನೆಗೆ ಫೋನ್. ಇವಿದ್ದರೆ 'ಸರಳು ಹಿಡಿದದ್ದಕ್ಕೇ ಉಳಿದೆ' ಎಂದು ಮನಸ್ಸು ಕಲಿಯುತ್ತದೆ. ಒಂದೊಂದಾಗಿ ಬಿಡಿ. ಭಯ ತುದಿಗೇರಿದಾಗ ಅರ್ಧದಲ್ಲಿ ಇಳಿಯುವುದೂ ಅದೇ ಪಾಠ ಕಲಿಸುತ್ತದೆ. ಆತಂಕ ತಗ್ಗಿಸುವ ಆಲ್ಪ್ರಜೋಲಾಂ ಮಾತ್ರೆ ನುಂಗಿಯೋ ಒಂದು ಪೆಗ್ ಹಾಕಿಯೋ ಹತ್ತಿದರೆ ಶ್ರೇಯಸ್ಸು ಮಾತ್ರೆಗೆ, ಬಾಟಲಿಗೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು.

ಬರೆ ಜರಿದಾಗ ಮನೆಯವರನ್ನು ಕಳೆದುಕೊಂಡವರು, ರಾತ್ರಿ ಅದೇ ದೃಶ್ಯ ಕಂಡು ಬೆಚ್ಚಿ ಏಳುವವರು ಈ ಏಣಿಯನ್ನು ಒಬ್ಬರೇ ಹತ್ತಬಾರದು. ಆಘಾತಕ್ಕೆ ಬೇರೆ ಕ್ರಮವಿದೆ, ಮನೋವೈದ್ಯರೋ ಚಿಕಿತ್ಸಾ ಮನಶ್ಶಾಸ್ತ್ರಜ್ಞರೋ ಬೇಕು. ಹೃದ್ರೋಗ, ಮೂರ್ಛೆರೋಗ ಇದ್ದವರೂ ಮೊದಲು ವೈದ್ಯರನ್ನು ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡಬಹುದು.

ಮಳೆಗಾಲ ಕಳೆದು ಮತ್ತೆ ಹೊರಟಾಗ ಭಯ ತುಸು ತಲೆಯೆತ್ತುತ್ತದೆ. ಕೆಳಗಿನ ಮೆಟ್ಟಿಲಿಂದ ಶುರುಮಾಡಬೇಕಿಲ್ಲ. ಮದೆನಾಡಿಗೆ ಎರಡು ಸಲ ಹೋಗಿಬಂದು, ಆಮೇಲೆ ಸಂಪಾಜೆಗೆ ಟಿಕೆಟ್ ತೆಗೆಯಿರಿ.